ಪಕ್ಕದ್ಮನೆ ಅಜ್ಜನ ಎರಡು ಎಲಿಜಿಬಿಲಿಟಿ

ನವೆಂಬರ್ ಕೊನೆಯ ವಾರ ಬಂತೆಂದರೆ ನಮ್ಮ ಮನೆಯ ಅಂಚೆ ಡಬ್ಬಿಯ ಮೇಲೆ ಕೆಂಪು ಟೇಪು ಪ್ರತ್ಯಕ್ಷವಾಗುತ್ತದೆ. ನಮ್ಮ ಮನೆತನದ ಹೆಸರು ಇಂಗ್ಲಿಷಿನ ‘ಎಂ’ ಅಕ್ಷರದಿಂದ ಶುರು. ಆ ಒಂದು ಅಕ್ಷರದ ಮೇಲೆ ಮಾತ್ರ ಎರಡು ಪಟ್ಟಿ, ಲೆಕ್ಕದ ಪುಸ್ತಕದ ಗುಣಾಕಾರದ ಗುರುತಿನ ಹಾಗೆ. ಮೊದಲ ವರ್ಷ ಯಾರೋ ಹುಡುಗರ ಕಿತಾಪತಿ ಅಂದುಕೊಂಡು ಕಿತ್ತುಹಾಕಿದ್ದೆ. ಮಾರನೇ ದಿನ ಮತ್ತೆ ಬಂತು. ಅಂಟಿಸುತ್ತಿದ್ದವರು ಪಕ್ಕದ ಮನೆಯ ಅಜ್ಜ ಅಂತ ಆಮೇಲೆ ಗೊತ್ತಾಯಿತು. ನಾವಿರುವುದು ಒಹಾಯೋ ರಾಜ್ಯದ ಕೊಲಂಬಸ್‌ನಲ್ಲಿ. ಇಲ್ಲಿನ ಒಹಾಯೋ ಸ್ಟೇಟ್ ಯೂನಿವರ್ಸಿಟಿಗೂ ಪಕ್ಕದ ರಾಜ್ಯದ ಮಿಶಿಗನ್ ಯೂನಿವರ್ಸಿಟಿಗೂ ಫುಟ್‌ಬಾಲ್ ಮ್ಯಾಚ್ ನಡೆಯುವ ವಾರ ಅದು. ಕ್ಯಾಂಪಸ್ಸಿನ ಬೋರ್ಡುಗಳಲ್ಲೂ ‘ಎಂ’ ಕಂಡಲ್ಲೆಲ್ಲ ಕೆಂಪು ಟೇಪು ಬೀಳುತ್ತದೆ.

ಅಜ್ಜನಿಗೆ 74 ವರ್ಷ. ಲಾರಿ ರಿಪೇರಿ ಕೆಲಸ ಮಾಡಿ ರಿಟೈರ್ ಆದವರು. ಆ ಯೂನಿವರ್ಸಿಟಿಯಲ್ಲಿ ಒಂದು ದಿನವೂ ಓದಿದವರಲ್ಲ, ಆದರೆ ‘ನಾವು ಗೆದ್ವಿ, ನಾವು ಸೋತ್ವಿ’ ಅಂತಲೇ ಮಾತು. ಅವರ ಗ್ಯಾರೇಜಿನಲ್ಲಿ ಒಂದು ಹಳೇ ಸೋಫಾ, ಒಂದು ಟೀವಿ, ಕಾಲ ಬುಡಕ್ಕೆ ಒಂದು ಹೀಟರ್. ಅಲ್ಲಿ ಕೂತು ನಾನು ಇಷ್ಟು ವರ್ಷ ಕೇಳಿಸಿಕೊಂಡ ಮಾತಿನಲ್ಲಿ ಅರ್ಧಕ್ಕರ್ಧ ಒಂದೇ ಪದದ ಸುತ್ತ ಸುತ್ತುತ್ತದೆ: ಎಲಿಜಿಬಲ್. ದೇಶದ ಅಧ್ಯಕ್ಷರಾಗಲು ಯಾರು ಎಲಿಜಿಬಲ್, ಕಾಲೇಜ್ ಫುಟ್‌ಬಾಲ್ ಆಡಲು ಯಾರು ಎಲಿಜಿಬಲ್. ಎತ್ತಣ ಮಾಮರ ಎತ್ತಣ ಕೋಗಿಲೆ ಅನ್ನಿಸುತ್ತಿತ್ತು ಮೊದಮೊದಲು. ಆದರೆ ಇಲ್ಲಿನ ಸಾಮಾನ್ಯ ಜನ ನಿಯಮ ಅನ್ನುವುದನ್ನು ಹೇಗೆ ನೋಡುತ್ತಾರೆ ಅಂತ ತಿಳಿಯಬೇಕಾದರೆ ಇವೆರಡನ್ನೂ ಒಟ್ಟಿಗೇ ನೋಡಬೇಕು ಅಂತ ಈಗ ಅನ್ನಿಸುತ್ತದೆ.

ಮೊದಲು ಅಧ್ಯಕ್ಷರ ವಿಷಯ. ಅಮೆರಿಕದ ಸಂವಿಧಾನದ ಎರಡನೇ ವಿಧಿಯಲ್ಲಿ ಇದಕ್ಕೆ ಇರುವುದು ಮೂರೇ ಷರತ್ತು. 35 ವರ್ಷ ತುಂಬಿರಬೇಕು. ದೇಶದಲ್ಲಿ 14 ವರ್ಷ ವಾಸವಾಗಿರಬೇಕು. ‘ನ್ಯಾಚುರಲ್ ಬಾರ್ನ್ ಸಿಟಿಜನ್’ ಆಗಿರಬೇಕು, ಅಂದರೆ ಹುಟ್ಟಿನಿಂದಲೇ ಪ್ರಜೆಯಾಗಿರಬೇಕು. ಡಿಗ್ರಿ ಬೇಡ, ಅನುಭವ ಬೇಡ, ಜೈಲಿನಲ್ಲಿದ್ದರೂ ಅಡ್ಡಿಯಿಲ್ಲ. ಯೂಜೀನ್ ಡೆಬ್ಸ್ ಅನ್ನುವ ಸಮಾಜವಾದಿ ನಾಯಕರು 1920ರಲ್ಲಿ ಅಟ್ಲಾಂಟಾ ಜೈಲಿನೊಳಗಿಂದಲೇ ಚುನಾವಣೆಗೆ ನಿಂತು 9 ಲಕ್ಷಕ್ಕೂ ಜಾಸ್ತಿ ಮತ ತಗೊಂಡಿದ್ದರು.

ತಕರಾರೆಲ್ಲ ಇರುವುದು ಮೂರನೇ ಷರತ್ತಿನಲ್ಲಿ. ‘ನ್ಯಾಚುರಲ್ ಬಾರ್ನ್’ ಅಂದರೆ ಏನು ಅಂತ ಸಂವಿಧಾನ ಎಲ್ಲೂ ಬಿಡಿಸಿ ಹೇಳುವುದಿಲ್ಲ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. 1787ರ ಜುಲೈಯಲ್ಲಿ, ಫಿಲಡೆಲ್ಫಿಯಾದಲ್ಲಿ ಸಂವಿಧಾನ ಬರೆಯುವ ಕೆಲಸ ನಡೆದಿದ್ದಾಗ ಜಾನ್ ಜೇ ಅನ್ನುವವರು ಜಾರ್ಜ್ ವಾಷಿಂಗ್ಟನ್‌ಗೆ ಒಂದು ಕಾಗದ ಬರೆದರು. ಅಧ್ಯಕ್ಷರಿಗೆ ಸೇರುವ ಸೈನ್ಯದ ದಂಡನಾಯಕತ್ವವನ್ನು ಹುಟ್ಟಿನಿಂದಲೇ ಪ್ರಜೆಯಾದವರಿಗಲ್ಲದೆ ಬೇರೆಯವರಿಗೆ ಕೊಡಬಾರದು ಅನ್ನುವ ಸಲಹೆ ಅದರಲ್ಲಿತ್ತು. ಯೂರೋಪಿನ ಯಾವನೋ ರಾಜಕುಮಾರ ಬಂದು ದುಡ್ಡು ಚೆಲ್ಲಿ ಕುರ್ಚಿ ಹಿಡಿದುಬಿಟ್ಟರೆ ಅನ್ನುವ ಭಯ ಆ ಕಾಲದ್ದು. ತಮಾಷೆ ಏನೆಂದರೆ ಸಂವಿಧಾನ ಬರೆದವರೆಲ್ಲ ಹುಟ್ಟಿದ್ದು ಬ್ರಿಟಿಷ್ ರಾಜನ ಪ್ರಜೆಗಳಾಗಿ. ಹಾಗಾಗಿ, ಸಂವಿಧಾನ ಜಾರಿಗೆ ಬರುವ ಹೊತ್ತಿಗೆ ಪ್ರಜೆಯಾಗಿದ್ದವರಿಗೂ ಅರ್ಹತೆ ಉಂಟು ಅಂತ ಒಂದು ಸಾಲು ಸೇರಿಸಿಕೊಂಡರು, ಇಲ್ಲವಾದರೆ ವಾಷಿಂಗ್ಟನ್ನರೇ ಹೊರಗೆ ನಿಲ್ಲಬೇಕಿತ್ತು. ಸ್ವತಂತ್ರ ಅಮೆರಿಕದ ಪ್ರಜೆಯಾಗಿಯೇ ಹುಟ್ಟಿದ ಮೊದಲ ಅಧ್ಯಕ್ಷ ಎಂಟನೆಯವರು, 1782ರಲ್ಲಿ ಹುಟ್ಟಿದ ಮಾರ್ಟಿನ್ ವ್ಯಾನ್ ಬ್ಯೂರನ್.

ಅಮೆರಿಕದ ನೆಲದ ಮೇಲೆ ಹುಟ್ಟಿದವರ ಬಗ್ಗೆ ಹೆಚ್ಚು ಗೊಂದಲ ಇರಲಿಲ್ಲ. ಆದರೆ ಅಮೆರಿಕನ್ ಅಪ್ಪ ಅಮ್ಮನಿಗೆ ಹೊರದೇಶದಲ್ಲಿ ಹುಟ್ಟಿದವರ ಕತೆ? ಜಾರ್ಜ್ ರಾಮ್ನಿ ಹುಟ್ಟಿದ್ದು ಮೆಕ್ಸಿಕೋದಲ್ಲಿ, 1968ರಲ್ಲಿ ಅಧ್ಯಕ್ಷ ಪದವಿಗೆ ಟಿಕೆಟ್ ಕೇಳಿದ್ದರು. ಜಾನ್ ಮೆಕೇನ್ ಹುಟ್ಟಿದ್ದು ಪನಾಮ ಕಾಲುವೆಯ ಪ್ರದೇಶದಲ್ಲಿ, 2008ರಲ್ಲಿ ಸೆನೆಟ್ ಒಮ್ಮತದಿಂದ ‘ಇವರು ಅರ್ಹರು’ ಅಂತ ಒಂದು ನಿರ್ಣಯ ಮಾಡಿತು. ಟೆಡ್ ಕ್ರೂಝ್ ಹುಟ್ಟಿದ್ದು ಕೆನಡಾದ ಕ್ಯಾಲ್ಗರಿಯಲ್ಲಿ. ಇಂಥವರೂ ಅರ್ಹರೇ ಅಂತ ಕಾನೂನು ಬಲ್ಲ ಬಹುಪಾಲು ಜನ ಹೇಳುತ್ತಾರೆ, ಆದರೆ ಸುಪ್ರೀಂ ಕೋರ್ಟ್ ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡು ತೀರ್ಪು ಕೊಟ್ಟಿಲ್ಲ.

ಇನ್ನು ಒಬಾಮ. ಅವರು ಹುಟ್ಟಿದ್ದು 1961ರ ಆಗಸ್ಟ್ 4ರಂದು, ಹವಾಯಿಯ ಹೊನಲುಲುವಿನಲ್ಲಿ. ಅಂದರೆ ಅಮೆರಿಕದ ನೆಲದಲ್ಲೇ. ಆದರೂ ‘ಕೀನ್ಯಾದಲ್ಲಿ ಹುಟ್ಟಿದವನು’ ಅನ್ನುವ ಸುಳ್ಳು ವರ್ಷಗಟ್ಟಲೆ ಓಡಾಡಿತು, ಕೊನೆಗೆ 2011ರ ಏಪ್ರಿಲ್‌ನಲ್ಲಿ ಶ್ವೇತಭವನ ಅವರ ಪೂರ್ತಿ ಜನನ ಪತ್ರವನ್ನೇ ಹೊರಗೆ ಹಾಕಬೇಕಾಯಿತು. ಒಂದು ಸಂಜೆ ಹೀಟರ್ ಕಡೆ ಕೈ ಚಾಚಿಕೊಂಡು ಅಜ್ಜ ತಾವಾಗಿಯೇ ಹೇಳಿದರು, ‘ಅದನ್ನ ನಾನೂ ಸ್ವಲ್ಪ ದಿನ ನಂಬಿದ್ದೆ.’ ಹಾಗಾದರೆ ಕೆನಡಾದಲ್ಲಿ ಹುಟ್ಟಿದ ಕ್ರೂಝ್ ನಿಂತಾಗ ನಿಮ್ಮ ಸ್ನೇಹಿತರು ಯಾರಾದರೂ ಕೂಗಾಡಿದರಾ ಅಂತ ಕೇಳಿದೆ. ‘ಇಲ್ಲ. ಅವನು ನಮ್ಮ ಟೀಮು.’ ಅಷ್ಟು ಹೇಳಿ ಚಾನೆಲ್ ಬದಲಾಯಿಸಿದರು. ನನಗೆ ಇಡೀ ವಿಷಯ ಅರ್ಥವಾಗಿದ್ದು ಆ ಒಂದು ಮಾತಿನಿಂದ.

ನಮ್ಮ ಓದುಗರಿಗೆ ಹತ್ತಿರದ ಉದಾಹರಣೆ ಬೇಕಾದರೆ ಶ್ರೀ ಥಾನೇದಾರ್ ಇದ್ದಾರೆ. ಬೆಳಗಾವಿಯಲ್ಲಿ ಬೆಳೆದು, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಡಿಗ್ರಿ ಪಡೆದು, ಅಮೆರಿಕಕ್ಕೆ ಬಂದು ಪ್ರಜೆಯಾಗಿ, 2022ರಲ್ಲಿ ಮಿಶಿಗನ್‌ನಿಂದ ಸಂಸತ್ತಿಗೆ ಆಯ್ಕೆಯಾದವರು. ಅದಕ್ಕೂ ಮೊದಲು 2018ರಲ್ಲಿ ಗವರ್ನರ್ ಸ್ಥಾನಕ್ಕೂ ಪ್ರಯತ್ನಪಟ್ಟಿದ್ದರು. ಸಂಸದರಾಗಬಹುದು, ಸೆನೆಟರ್ ಆಗಬಹುದು, ಅಧ್ಯಕ್ಷರಾಗಲು ಮಾತ್ರ ಸಾಧ್ಯವಿಲ್ಲ. ಭಾರತದಲ್ಲಿ ಈ ಗೆರೆ ಇಲ್ಲ. ನಮ್ಮ ರಾಷ್ಟ್ರಪತಿಯಾಗಲು ಭಾರತದ ಪ್ರಜೆಯಾಗಿದ್ದು, 35 ತುಂಬಿ, ಲೋಕಸಭೆಗೆ ನಿಲ್ಲುವ ಅರ್ಹತೆ ಇದ್ದರೆ ಆಯಿತು, ಹುಟ್ಟು ಎಲ್ಲಾಯಿತು ಅಂತ ಸಂವಿಧಾನ ಕೇಳುವುದಿಲ್ಲ. 1999ರ ಬಳ್ಳಾರಿ ಚುನಾವಣೆ ನೆನಪಿರಬಹುದು. ಸೋನಿಯಾ ಗಾಂಧಿ ಎದುರು ಸುಷ್ಮಾ ಸ್ವರಾಜ್, ಕನ್ನಡದಲ್ಲೇ ಭಾಷಣ, ವಿದೇಶಿ ಮೂಲದ ಗಲಾಟೆ. ಆ ಜಗಳವನ್ನು ನಾವು ಮತಪೆಟ್ಟಿಗೆಗೆ ಬಿಟ್ಟೆವು, ಸೋನಿಯಾ ಗೆದ್ದರು. ಅಮೆರಿಕದವರು ಅದನ್ನು ಎರಡು ಶತಮಾನದ ಹಿಂದೆಯೇ ಸಂವಿಧಾನದೊಳಗೆ ಬರೆದು ಬೀಗ ಹಾಕಿದ್ದಾರೆ. ಬೀಗ ತೆಗೆಯಬೇಕಾದರೆ ಸಂಸತ್ತಿನ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಬೆಂಬಲ ಬೇಕು, ಆಮೇಲೆ 50 ರಾಜ್ಯಗಳಲ್ಲಿ 38 ಒಪ್ಪಬೇಕು.

ಅಜ್ಜನಿಗೆ ಈ ಬೀಗ ಸರಿಯೆನಿಸುತ್ತದೆ, ಒಬ್ಬರ ವಿಷಯ ಬಿಟ್ಟು. ಅರ್ನಾಲ್ಡ್ ಶ್ವಾರ್ಜ್‌ನೆಗರ್. ಆಸ್ಟ್ರಿಯಾದಲ್ಲಿ ಹುಟ್ಟಿ 1968ರಲ್ಲಿ ಅಮೆರಿಕಕ್ಕೆ ಬಂದವರು, ಕ್ಯಾಲಿಫೋರ್ನಿಯಾದ ಗವರ್ನರ್ ಆದವರು. ಅವರ ಹೆಸರಿನ ದೇಹದಾರ್ಢ್ಯ ಹಬ್ಬ ಪ್ರತಿವರ್ಷ ನಡೆಯುವುದು ನಮ್ಮ ಕೊಲಂಬಸ್‌ನಲ್ಲೇ, ಊರ ನಡುವೆ ಅವರ ಕಂಚಿನ ಪ್ರತಿಮೆ ಕೂಡ ಇದೆ. 2003ರಲ್ಲಿ ಸೆನೆಟರ್ ಆರಿನ್ ಹ್ಯಾಚ್ ಒಂದು ತಿದ್ದುಪಡಿ ಸೂಚಿಸಿದ್ದರು, 20 ವರ್ಷ ಪ್ರಜೆಯಾಗಿದ್ದವರಿಗೆ ಅವಕಾಶ ಇರಲಿ ಅಂತ. ಅದು ಮುಂದೆ ಹೋಗಲೇ ಇಲ್ಲ. ‘ಇಲ್ಲಿ ಹುಟ್ಟಿ ಎರಡು ತಿಂಗಳಿಗೇ ಹೊರಗೆ ಹೋದವನು ವಾಪಸ್ ಬಂದು 14 ವರ್ಷ ಇದ್ದರೆ ಎಲಿಜಿಬಲ್, ಅರ್ಧ ಶತಮಾನ ಇಲ್ಲೇ ಬೆವರು ಹರಿಸಿದವನು ಅಲ್ಲ, ಇದ್ಯಾವ ಲೆಕ್ಕ?’ ಅಂತ ಅಜ್ಜ ಕೇಳುತ್ತಾರೆ. ಹಾಗಾದರೆ ನಿಯಮ ಬದಲಾಯಿಸೋಣವೇ ಅಂದರೆ, ‘ಬೇಡ ಬೇಡ, ಅದು ಸಂವಿಧಾನ.’

ಈಗ ಫುಟ್‌ಬಾಲಿಗೆ ಬರೋಣ. ಇದು ನಮ್ಮ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಎದುರಾಳಿಯನ್ನು ನೆಲಕ್ಕೆ ಕೆಡಹುವ ಆಟ. ಕಾಲೇಜು ಹುಡುಗರ ಆಟ ಅಂತ ಹಗುರವಾಗಿ ತಗೋಬೇಡಿ, ಕೊಲಂಬಸ್‌ನ ಸ್ಟೇಡಿಯಂನಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಜನ ಕೂರುತ್ತಾರೆ. ಈ ಆಟಕ್ಕೆ ನಿಯಮ ಮಾಡುವ ಸಂಸ್ಥೆ ಎನ್‌ಸಿಎಎ. ಅದು ಹುಟ್ಟಿದ್ದರ ಹಿಂದೆಯೂ ಒಬ್ಬ ಅಧ್ಯಕ್ಷರಿದ್ದಾರೆ. 1905ರಲ್ಲಿ ಮೈದಾನದಲ್ಲಿ ಹುಡುಗರು ಸಾಯುವುದು ಅತಿಯಾದಾಗ ಥಿಯೋಡರ್ ರೂಸ್‌ವೆಲ್ಟ್ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಕಡೆಯವರನ್ನು ಶ್ವೇತಭವನಕ್ಕೆ ಕರೆಸಿ ಮಾತಾಡಿದರು. ಮರುವರ್ಷವೇ ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ಬಂತು, ಮುಂದೆ ಎನ್‌ಸಿಎಎ ಅಂತ ಹೆಸರಾದ ಸಂಸ್ಥೆಯೂ ಶುರುವಾಯಿತು.

ಆಟಗಾರನ ಅರ್ಹತೆಯ ಮೂಲ ನಿಯಮ ಬಹಳ ವರ್ಷ ಇದ್ದದ್ದು ಒಂದೇ: ಕಾಲೇಜಿಗೆ ಸೇರಿದ ಮೇಲೆ ಐದು ವರ್ಷದೊಳಗೆ ನಾಲ್ಕು ಸೀಸನ್. ಆಮೇಲೆ ಮನೆಗೆ ನಡಿ. ಆ ಉಳಿಯುವ ಒಂದು ವರ್ಷಕ್ಕೆ ‘ರೆಡ್‌ಶರ್ಟ್’ ಅನ್ನುತ್ತಾರೆ, ಹುಡುಗ ತಂಡದ ಜೊತೆ ಪ್ರಾಕ್ಟೀಸ್ ಮಾಡುತ್ತಾನೆ, ಮ್ಯಾಚ್ ಆಡುವುದಿಲ್ಲ, ಸೀಸನ್ ಲೆಕ್ಕಕ್ಕೆ ಬರುವುದಿಲ್ಲ. 2018ರಿಂದ ನಾಲ್ಕು ಮ್ಯಾಚ್ ತನಕ ಆಡಿದರೂ ಪರವಾಗಿಲ್ಲ ಅಂತಾಯಿತು. ಪೆಟ್ಟಾಗಿ ಕೂತರೆ ಇನ್ನೊಂದು ವರ್ಷ ಕೇಳಿಕೊಳ್ಳಬಹುದು. ಕೋವಿಡ್ ಬಂದ 2020ರ ಸೀಸನ್ ಯಾರಿಗೂ ಲೆಕ್ಕಕ್ಕಿಲ್ಲ ಅಂದರು. ಹೀಗೆ ಒಂದರ ಮೇಲೊಂದು ಸೇರಿ, ಮತ್ತೆ ಮತ್ತೆ ಪೆಟ್ಟು ತಿಂದ ಕ್ಯಾಮ್ ಮೆಕಾರ್ಮಿಕ್ ಅನ್ನುವ ಆಟಗಾರ 2016ರಲ್ಲಿ ಕಾಲೇಜಿಗೆ ಸೇರಿದವನು 2024ರಲ್ಲೂ ಆಡುತ್ತಿದ್ದ. ಒಂಬತ್ತನೇ ವರ್ಷ! ‘ಅಷ್ಟರಲ್ಲಿ ಡಾಕ್ಟರ್ ಆಗಬಹುದಿತ್ತು’ ಅನ್ನುವುದು ಅಜ್ಜನ ವಾದ.

ನನಗೆ ಬಹಳ ಮಜಾ ಕೊಡುವುದು ಪರಿಶೀಲನೆಯ ವಿಷಯ. ಹದಿನೆಂಟರ ಹುಡುಗ ದೊಡ್ಡ ಕಾಲೇಜಿನಲ್ಲಿ ಆಡಬೇಕಾದರೆ ಎನ್‌ಸಿಎಎಯ ಎಲಿಜಿಬಿಲಿಟಿ ಸೆಂಟರ್‌ಗೆ ಹೈಸ್ಕೂಲಿನ ಮಾರ್ಕ್ಸ್ ಕಾರ್ಡ್ ಹೋಗಬೇಕು. ಗಣಿತ, ವಿಜ್ಞಾನ, ಇಂಗ್ಲಿಷ್ ಅಂತ 16 ಮುಖ್ಯ ಕೋರ್ಸ್ ಮುಗಿಸಿದ್ದಾನಾ ಅಂತ ಒಂದೊಂದಾಗಿ ನೋಡುತ್ತಾರೆ. ದೇಶದ ಅಧ್ಯಕ್ಷರಾಗುವವರ ಜನನ ಪತ್ರ ನೋಡಲು? ಅಂಥ ಒಂದು ಕೇಂದ್ರ ಕಚೇರಿಯೇ ಇಲ್ಲ. ಚುನಾವಣಾ ಆಯೋಗ ನೋಡುವುದು ದುಡ್ಡಿನ ಲೆಕ್ಕ. ಮತಪತ್ರದಲ್ಲಿ ಹೆಸರು ಹಾಕುವುದು ಒಂದೊಂದು ರಾಜ್ಯದ ಕೆಲಸ, ಒಂದೊಂದು ರಾಜ್ಯದ್ದು ಒಂದೊಂದು ಪದ್ಧತಿ. ನಿಕರಾಗುವಾದಲ್ಲಿ ಹುಟ್ಟಿದ, ಗ್ರೀನ್ ಕಾರ್ಡ್ ಮಾತ್ರ ಇದ್ದ ರೋಹೆರ್ ಕಲೇರೋ ಅನ್ನುವವರು 2004ರಲ್ಲಿ ಒಂದು ಸಣ್ಣ ಪಕ್ಷದ ಅಭ್ಯರ್ಥಿಯಾಗಿ ಕೆಲವು ರಾಜ್ಯಗಳ ಮತಪತ್ರದಲ್ಲಿ ಬಂದೇಬಿಟ್ಟಿದ್ದರು. 2012ರಲ್ಲಿ ಮಾತ್ರ ಕೊಲರಾಡೋ, ಗಯಾನಾ ಮೂಲದ ಒಬ್ಬ ವಕೀಲರಿಗೆ ಆಗಲ್ಲ ಅಂದಿತು. ರಾಜ್ಯ ಹಾಗೆ ಹೇಳಬಹುದು ಅಂತ ತೀರ್ಪು ಬರೆದವರು ನೀಲ್ ಗೋರ್ಸಚ್, ಈಗ ಸುಪ್ರೀಂ ಕೋರ್ಟಿನಲ್ಲಿದ್ದಾರೆ. ಅಂದರೆ ನಮ್ಮೂರಿನ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ತಂಡವನ್ನು ಮುನ್ನಡೆಸುವ ಆಟಗಾರ) ಕಾಲೇಜು ಸೇರುವಾಗ ತೋರಿಸುವ ಕಾಗದ, ಶ್ವೇತಭವನ ಸೇರುವವರು ತೋರಿಸುವುದಕ್ಕಿಂತ ಜಾಸ್ತಿ.

ಅಷ್ಟು ಕಾಗದ ನೋಡಿದರೂ ಫುಟ್‌ಬಾಲಿನ ನಿಯಮ ನಿಲ್ಲುತ್ತಿಲ್ಲ, ಯಾಕೆ? ದುಡ್ಡು ಬಂತು. ಎಷ್ಟೋ ದಶಕ ಈ ಹುಡುಗರಿಗೆ ಸ್ಕಾಲರ್‌ಶಿಪ್ ಬಿಟ್ಟು ಬೇರೆ ಕಾಸು ಮುಟ್ಟುವ ಹಾಗಿರಲಿಲ್ಲ. ಇವರು ‘ವಿದ್ಯಾರ್ಥಿ ಆಟಗಾರರು’, ನೌಕರರಲ್ಲ ಅನ್ನುವ ಹೆಸರು ಕಟ್ಟಿದ್ದೇ ಗಾಯವಾದಾಗ ಕಾರ್ಮಿಕರಿಗೆ ಕೊಡುವಂಥ ಪರಿಹಾರ ಕೊಡಬೇಕಾಗಬಹುದು ಅನ್ನುವ ಭಯದಿಂದ. 2021ರ ಜೂನ್‌ನಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತೂ ಜನ ನ್ಯಾಯಾಧೀಶರು ಎನ್‌ಸಿಎಎ ವಿರುದ್ಧ ತೀರ್ಪು ಕೊಟ್ಟರು. ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸುವ ಜಾಹೀರಾತಿಗೆ ದುಡ್ಡು ಪಡೆಯಬಹುದು ಅಂತಾಯಿತು. 2025ರ ಜೂನ್‌ನಲ್ಲಿ ಒಪ್ಪಿಗೆಯಾದ ಇನ್ನೊಂದು ಕೋರ್ಟ್ ರಾಜಿಯಿಂದ ಕಾಲೇಜುಗಳೇ ನೇರವಾಗಿ ಸಂಬಳದ ಹಾಗೆ ಕೊಡಬಹುದು, ಮೊದಲ ವರ್ಷಕ್ಕೆ ಒಂದು ಕಾಲೇಜಿಗೆ ಸುಮಾರು 2 ಕೋಟಿ ಡಾಲರ್ ಮಿತಿ. ಯೋಚನೆ ಮಾಡಿ, ಇನ್ನೊಂದು ವರ್ಷ ಕಾಲೇಜಿನಲ್ಲಿ ಉಳಿದರೆ ಲಕ್ಷಗಟ್ಟಲೆ ಡಾಲರ್ ಬರುತ್ತದೆ ಅಂದರೆ ಯಾರು ತಾನೇ ಸುಮ್ನೆ ಮನೆಗೆ ಹೋಗುತ್ತಾರೆ? ವ್ಯಾಂಡರ್‌ಬಿಲ್ಟ್ ಯೂನಿವರ್ಸಿಟಿಯ ಆಟಗಾರ ಡಿಯಾಗೋ ಪಾವಿಯಾ, ತಾನು ಮೊದಲು ಎರಡು ವರ್ಷದ ಜೂನಿಯರ್ ಕಾಲೇಜಿನಲ್ಲಿ ಆಡಿದ ವರ್ಷಗಳನ್ನು ಎಣಿಸಬಾರದು ಅಂತ ಕೋರ್ಟಿಗೆ ಹೋದ. 2024ರ ಡಿಸೆಂಬರ್‌ನಲ್ಲಿ ನ್ಯಾಯಾಧೀಶರು ಅವನ ಪರ ತಡೆಯಾಜ್ಞೆ ಕೊಟ್ಟರು. ಅವನಂತೆಯೇ ಇದ್ದ ಬೇರೆ ಹುಡುಗರಿಗೂ ಎನ್‌ಸಿಎಎ ಒಂದು ವರ್ಷ ಬಿಟ್ಟುಕೊಡಬೇಕಾಯಿತು. ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಅನ್ನುವ ಗಾದೆ ಇದಕ್ಕೇ ಮಾಡಿಸಿದ ಹಾಗಿದೆ.

ಅಜ್ಜನ ಪ್ರಕಾರ ಇದೆಲ್ಲ ಹಾಳಾಗಿ ಹೋಗಿದೆ. ನಾಲ್ಕು ವರ್ಷ ಅಂದರೆ ನಾಲ್ಕೇ ವರ್ಷ. ಈ ಮಾತಿಗೆ ಪರೀಕ್ಷೆ ಬಂದದ್ದು 2025ರ ಜನವರಿ 20ರಂದು.

ಆ ದಿನ ಮಧ್ಯಾಹ್ನ ವಾಷಿಂಗ್ಟನ್‌ನಲ್ಲಿ ಟ್ರಂಪ್ ಎರಡನೇ ಸಲ ಪ್ರಮಾಣವಚನ ತಗೊಂಡರು. ಚಳಿ ಎಷ್ಟಿತ್ತೆಂದರೆ ಕಾರ್ಯಕ್ರಮವನ್ನು ಕಟ್ಟಡದೊಳಗೇ ಮಾಡಿದರು. ಅದೇ ರಾತ್ರಿ ಅಟ್ಲಾಂಟಾದಲ್ಲಿ ಒಹಾಯೋ ಸ್ಟೇಟ್ ಮತ್ತು ನೋಟರ್ ಡೇಮ್ ನಡುವೆ ರಾಷ್ಟ್ರೀಯ ಚಾಂಪಿಯನ್‌ಶಿಪ್ ಫೈನಲ್. ಅಜ್ಜನ ಟೀವಿ ಬೆಳಗ್ಗೆಯಿಂದ ಆರಿರಲಿಲ್ಲ. ಮ್ಯಾಚಿಗೆ ಮುಂಚೆ ನನ್ನ ಫೋನಿಗೆ ಮೆಸೇಜುಗಳು ಸುರಿಯತೊಡಗಿದವು. ಟ್ರಂಪ್ ಅಂದೇ ಒಂದು ಆದೇಶಕ್ಕೆ ಸಹಿ ಹಾಕಿದ್ದರು. ಅಮ್ಮ ತಾತ್ಕಾಲಿಕ ವೀಸಾದಲ್ಲಿದ್ದು, ಅಪ್ಪನೂ ಪ್ರಜೆಯಲ್ಲ, ಗ್ರೀನ್ ಕಾರ್ಡೂ ಇಲ್ಲ ಅಂದರೆ ಇಲ್ಲಿ ಹುಟ್ಟುವ ಮಗುವಿಗೆ ಹುಟ್ಟಿನಿಂದ ಪೌರತ್ವ ಇಲ್ಲ ಅನ್ನುವ ಆದೇಶ. ಎಚ್-1ಬಿಯಲ್ಲಿರುವ ನಮ್ಮವರ ಎಷ್ಟೋ ಮನೆಗಳಿಗೆ ನೇರವಾಗಿ ತಾಗುವಂಥದ್ದು. ಮೂರೇ ದಿನದಲ್ಲಿ ಸಿಯಾಟಲ್‌ನ ನ್ಯಾಯಾಧೀಶರು ತಡೆ ಕೊಟ್ಟರು, ಆದರೆ ಆ ಸಂಜೆ ಅದು ಗೊತ್ತಿರಲಿಲ್ಲ. ನನ್ನ ಮಗಳು 2016ರಲ್ಲಿ ಇದೇ ಊರಲ್ಲಿ ಹುಟ್ಟಿದವಳು, ಆಗ ನಾವಿಬ್ಬರೂ ವೀಸಾದಲ್ಲೇ ಇದ್ದೆವು. ಆದೇಶ ಮುಂದೆ ಹುಟ್ಟುವ ಮಕ್ಕಳಿಗೆ ಮಾತ್ರ ಅಂತ ಓದಿದ ಮೇಲೂ ಹೊಟ್ಟೆಯೊಳಗೆ ಏನೋ ಕಿವುಚಿದ ಹಾಗಾಯಿತು. ಅಜ್ಜ ಟ್ರಂಪ್‌ಗೇ ಮತ ಹಾಕಿದವರು. ನನ್ನ ಮುಖ ನೋಡಿ ವಿಷಯ ಕೇಳಿ, ಚಿಪ್ಸಿನ ಬಟ್ಟಲು ನನ್ನ ಕಡೆ ತಳ್ಳಿ ಹೇಳಿದರು: ‘ನಿನ್ನ ಮಗಳು ಸ್ಟೇಡಿಯಂನಿಂದ ಆರು ಮೈಲಿ ದೂರದಲ್ಲಿ ಹುಟ್ಟಿದಾಳೆ. ಅವಳು ಪ್ರೆಸಿಡೆಂಟ್ ಆಗಬಹುದು. ಮಾತು ಮುಗೀತು.’

ಮ್ಯಾಚ್ ಶುರುವಾಯಿತು. 34–23ರಿಂದ ಒಹಾಯೋ ಸ್ಟೇಟ್ ಗೆದ್ದಿತು. ಗೆಲ್ಲಿಸಿದ ಕ್ವಾರ್ಟರ್‌ಬ್ಯಾಕ್ ವಿಲ್ ಹೊವರ್ಡ್. ಕಾನ್ಸಾಸ್ ಸ್ಟೇಟ್‌ನಲ್ಲಿ ನಾಲ್ಕು ಸೀಸನ್ ಆಡಿ ಮುಗಿಸಿ, ಕೋವಿಡ್ ವರ್ಷದ ರಿಯಾಯಿತಿಯಿಂದ ಸಿಕ್ಕ ಐದನೇ ಸೀಸನ್ನಿಗೆ ಕಾಲೇಜು ಬದಲಿಸಿ ಇಲ್ಲಿಗೆ ಬಂದ ಹುಡುಗ. ‘ನಾಲ್ಕು ಅಂದರೆ ನಾಲ್ಕೇ’ ಅಂತಿದ್ದಿರಲ್ಲ ಅಂದೆ. ಅಜ್ಜ ನನ್ನ ಕಡೆ ತಿರುಗಲೂ ಇಲ್ಲ. ‘ಅವನದು ಬೇರೆ. ಅವನಿಗೆ ರೂಲ್ಸೇ ಇತ್ತು.’ ಹೆತ್ತವರಿಗೆ ಹೆಗ್ಗಣ ಮುದ್ದು.

ಹಾಗೆಂದು ಎಲ್ಲದರಲ್ಲೂ ಪಕ್ಷ ವಹಿಸುತ್ತಾರೆ ಅಂದುಕೊಳ್ಳಬೇಡಿ. ಟ್ರಂಪ್ ಮೂರನೇ ಅವಧಿಯ ಮಾತು ತೆಗೆದಾಗ ಅಜ್ಜ ಖಡಾಖಂಡಿತವಾಗಿ ಆಗಲ್ಲ ಅಂದರು. ಫ್ರ್ಯಾಂಕ್ಲಿನ್ ರೂಸ್‌ವೆಲ್ಟ್ ನಾಲ್ಕು ಸಲ ಗೆದ್ದ ಮೇಲೆ, 1951ರಲ್ಲಿ ಬಂದ 22ನೇ ತಿದ್ದುಪಡಿ ಹೇಳುವುದು ಒಬ್ಬರು ಎರಡು ಸಲಕ್ಕಿಂತ ಜಾಸ್ತಿ ‘ಆಯ್ಕೆ’ಯಾಗುವಂತಿಲ್ಲ ಅಂತ. ಈ ‘ಆಯ್ಕೆ’ ಅನ್ನುವ ಪದದಲ್ಲೇ ಕೆಲವರು ಸಂದು ಹುಡುಕುತ್ತಾರೆ: ಉಪಾಧ್ಯಕ್ಷರಾಗಿ ಗೆದ್ದು, ಮೇಲಿನವರು ರಾಜೀನಾಮೆ ಕೊಟ್ಟರೆ? ಆಗ ಅವರು ಆಯ್ಕೆಯಾದಂತಲ್ಲವಲ್ಲ. ಆದರೆ ಅಧ್ಯಕ್ಷರಾಗಲು ಅರ್ಹರಲ್ಲದವರು ಉಪಾಧ್ಯಕ್ಷರೂ ಆಗುವಂತಿಲ್ಲ ಅಂತ 12ನೇ ತಿದ್ದುಪಡಿ ಹೇಳುತ್ತದೆ. ಎರಡು ಸಲ ಆಯ್ಕೆಯಾದವರು ‘ಅರ್ಹರಲ್ಲ’ ಅನ್ನುವ ಪಟ್ಟಿಗೆ ಸೇರುತ್ತಾರಾ ಅನ್ನುವುದು ವಕೀಲರ ವಾದ. ನನಗಂತೂ ಇದು ರಂಗೋಲಿ ಕೆಳಗೆ ತೂರುವ ಇನ್ನೊಂದು ಆಟ ಅನ್ನಿಸುತ್ತದೆ.

ಬೇರೆಯವರ ಅವಧಿಯ ಮಧ್ಯದಲ್ಲಿ ಕುರ್ಚಿ ಸಿಕ್ಕರೆ ಲೆಕ್ಕ ಹೇಗೆ ಅನ್ನುವುದೂ ಅದೇ ತಿದ್ದುಪಡಿಯಲ್ಲಿದೆ. ಎರಡು ವರ್ಷಕ್ಕಿಂತ ಜಾಸ್ತಿ ಕೂತರೆ ಆಮೇಲೆ ಒಂದೇ ಸಲ ಆಯ್ಕೆಯಾಗಬಹುದು. ಜೆರಾಲ್ಡ್ ಫೋರ್ಡ್ ಅವರದ್ದು ಇದೇ ಕತೆ. ನಿಕ್ಸನ್ ರಾಜೀನಾಮೆ ಕೊಟ್ಟು 1974ರ ಆಗಸ್ಟ್‌ನಲ್ಲಿ ಫೋರ್ಡ್ ಅಧ್ಯಕ್ಷರಾದರು, ಎರಡು ವರ್ಷದ ಗೆರೆ ದಾಟಿತು. 1976ರಲ್ಲಿ ಗೆದ್ದಿದ್ದರೂ ಅಲ್ಲಿಗೆ ಮುಗಿಯುತ್ತಿತ್ತು, ಗೆಲ್ಲಲಿಲ್ಲ ಬಿಡಿ. ಅಜ್ಜನ ಹತ್ತಿರ ಈ ಹೆಸರು ಎತ್ತಬಾರದು. ಯಾಕೆಂದರೆ ಅಧ್ಯಕ್ಷರಾದವರಲ್ಲಿ ಫುಟ್‌ಬಾಲಿನಲ್ಲಿ ನಿಜಕ್ಕೂ ಹೆಸರು ಮಾಡಿದವರು ಅಂದರೆ ಫೋರ್ಡ್, 1932 ಮತ್ತು 1933ರಲ್ಲಿ ರಾಷ್ಟ್ರೀಯ ಚಾಂಪಿಯನ್ ತಂಡದಲ್ಲಿದ್ದವರು, ಅವರ 48ನೇ ನಂಬರಿನ ಜರ್ಸಿಯನ್ನು ಬೇರೆಯವರಿಗೆ ಕೊಡದೆ ಗೌರವದಿಂದ ಎತ್ತಿಟ್ಟರು. ಆ ತಂಡ ಮಿಶಿಗನ್! ‘ಅಧ್ಯಕ್ಷನಾಗೂ ಉಪಾಧ್ಯಕ್ಷನಾಗೂ ದೇಶದ ಜನ ಆರಿಸದ ಒಬ್ಬನೇ ಒಬ್ಬ ಅಧ್ಯಕ್ಷ, ಅವನೂ ಮಿಶಿಗನ್‌ನವನೇ’ ಅಂತ ಅಜ್ಜ ಗೆದ್ದವರ ಹಾಗೆ ನಗುತ್ತಾರೆ. ಮಾತು ನಿಜವೇ.

ನನ್ನ ಮಗಳಿಗೆ 35 ತುಂಬುವುದು 2051ಕ್ಕೆ. ಮರುವರ್ಷವೇ ಚುನಾವಣೆ. ಅಷ್ಟು ದೂರದ ಮಾತು ಅಜ್ಜನಿಗೆ ಬೇಕಾಗಿಲ್ಲ, ಅವರ ಚಿಂತೆ ಏನಿದ್ದರೂ 2034ರದ್ದು, ಅವಳು ಕಾಲೇಜಿಗೆ ಸೇರುವ ವರ್ಷ. ಹೋದ ನವೆಂಬರಿನಲ್ಲಿ ಅಂಚೆ ಡಬ್ಬಿಗೆ ಟೇಪು ಹಚ್ಚಲು ಅವಳನ್ನೇ ಕರೆದುಕೊಂಡು ಹೋದರು. ಪಟ್ಟಿ ಸ್ವಲ್ಪ ಸೊಟ್ಟಗಾಯಿತು. ಕಿತ್ತು ಮತ್ತೆ ಹಚ್ಚಿಸಿದರು.